ಕರೆದರೆ ಏಳಬೇಕಾದ ಆಟ

ಮಲೆನಾಡಿನ ಬೆಟ್ಟಗಳು ಕ್ರಮೇಣ ತಗ್ಗುತ್ತ ಬಂದು ಬಯಲುಸೀಮೆಯ ಹೊಲಗಳಲ್ಲಿ ಲೀನವಾಗುವ ಎಡೆಯಲ್ಲಿರುವ ಕಡೂರು, ತರೀಕೆರೆ, ಅಜ್ಜಂಪುರಗಳ ಪ್ರಾಂತವನ್ನು ಅಡಿಕೆಯ ಸೀಮೆಯೆಂದು ಕೆಲವರೂ, ತೆಂಗಿನ ಸೀಮೆಯೆಂದು ಕೆಲವರೂ, ಈರುಳ್ಳಿಯ ಸೀಮೆಯೆಂದು ಮತ್ತೆ ಕೆಲವರೂ ಕರೆಯುವುದುಂಟು. ಆದರೆ ಮಕ್ಕಳ ಕಣ್ಣಿನಿಂದ ನೋಡಬಲ್ಲವರಿಗೆ ಇದು ಮೊದಲಾಗಿ ಕೆರೆಗಳ ಸೀಮೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಜನಪದ ಗೀತೆಯೊಂದರಿಂದ ನಾಡಿಗೆಲ್ಲ ಪರಿಚಿತವಾದ ಮದಗದಕೆರೆ, ಊರಿನ ಹೆಸರಿನೊಳಗೇ ಸೇರಿಕೊಂಡಿರುವ ತರೀಕೆರೆಯ ಕೆರೆ, ಇವುಗಳಲ್ಲದೆ ಹಳ್ಳಿಗೊಂದರಂತೆ ಇರುವ ಹೆಸರಿಲ್ಲದ ಕಟ್ಟೆ ಕುಂಟೆಗಳು ಬೇಸಗೆಯಲ್ಲಿ ನೀರು ಹಿಂಜರಿದಾಗ ತಮ್ಮ ಅಂಚಿನಲ್ಲಿ ಬಿಟ್ಟುಹೋಗುವ ನುಣುಪಾದ ಜೇಡಿಮಣ್ಣೇ, ಆಟಿಕೆಯ ಅಂಗಡಿಯೆಂಬುದು ಈ ಊರುಗಳಿಗೆ ಬರುವುದಕ್ಕೆ ಎಷ್ಟೋ ಮುಂಚಿನಿಂದ, ಇಲ್ಲಿನ ಮಕ್ಕಳ ಪ್ರಥಮ ಆಟಿಕೆಯಾಗಿತ್ತು. ಅದಕ್ಕೆ ಬೆಲೆಯಿರಲಿಲ್ಲ, ಬಣ್ಣವಿರಲಿಲ್ಲ, ಅದು ಯಾರಿಗೆಂದು ತಯಾರಾದುದೆಂಬ ಚೀಟಿಯೂ ಇರಲಿಲ್ಲ. ಆದರೂ ಆ ಒಂದೇ ಮಣ್ಣನ್ನು ಹುಡುಗನು ಕೈಗೆತ್ತಿಕೊಂಡಾಗ ಅದು ಎತ್ತಾಗುತ್ತಿತ್ತು. ಅವನ ತಂಗಿ ಎತ್ತಿಕೊಂಡಾಗ ಒಲೆಯಾಗುತ್ತಿತ್ತು.

ಹುಡುಗನ ಎತ್ತು ಸಾಮಾನ್ಯವಾದ ಎತ್ತಲ್ಲ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಹೆಸರಾಗಿದ್ದು ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರನ್ನು ಪಡೆದ ರಾಸುಗಳು, ಸೈನ್ಯದ ಫಿರಂಗಿಗಳನ್ನೂ ಸಾಮಾನಿನ ಬಂಡಿಗಳನ್ನೂ ಎಳೆದು ಕೀರ್ತಿ ಪಡೆದ ಆ ಉದ್ದಗೊಂಬಿನ ತಳಿ, ಇಂದಿಗೂ ಅಜ್ಜಂಪುರದ ಸಂವರ್ಧನ ಕೇಂದ್ರದಲ್ಲಿಯೂ ಅದರ ಕಾವಲುಗಳಲ್ಲಿಯೂ ಉಳಿದುಕೊಂಡಿರುವುದಷ್ಟೆ. ಹಿಂದಕ್ಕೆ ಬಾಗಿ ಮೇಲಕ್ಕೆ ಚಿಮ್ಮುವ ಆ ಕೊಂಬುಗಳನ್ನು ಮಣ್ಣಿನಲ್ಲಿ ನಿಲ್ಲಿಸುವುದು ಸುಲಭವಲ್ಲವಾದುದರಿಂದ ಜಾಲಿಯ ಮುಳ್ಳುಗಳನ್ನು ಆರಿಸಿ ತಂದು ಚುಚ್ಚಬೇಕಾಗುತ್ತಿತ್ತು. ಮುಳ್ಳಿಗಾಗಿ ಬೇಲಿಯವರೆಗೆ, ಕೆಲವೊಮ್ಮೆ ಕಾವಲಿನವರೆಗೆ ಹೋಗಬೇಕಾಗುತ್ತಿತ್ತು. ಹುಡುಗಿಯ ಒಲೆಗೆ ಬೇಕಾದ ಸಾಮಗ್ರಿಯಾದರೋ ಹಿತ್ತಿಲಿನಲ್ಲಿಯೇ ದೊರೆಯುತ್ತಿತ್ತು: ನಾಲ್ಕು ಕಡ್ಡಿ, ಒಂದು ತೆಂಗಿನ ಕರಟ, ಅನ್ನಕ್ಕೆ ಮರಳು, ಪಲ್ಯಕ್ಕೆ ಯಾವುದೋ ಒಂದು ಸೊಪ್ಪು.

ಮಕ್ಕಳ ಆಟಿಕೆಗಳು ಗಂಡಿಗೆ ಗಂಡಿನ ಕಸಬನ್ನೂ ಹೆಣ್ಣಿಗೆ ಹೆಣ್ಣಿನ ಕಸಬನ್ನೂ ಕಲಿಸುತ್ತವೆಂಬ ಮಾತನ್ನು ಈಗ ಎಲ್ಲರೂ ಆಡುವರು. ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಈ ಸೀಮೆಯ ಆಟಗಳನ್ನು ಸಾವಧಾನವಾಗಿ ಪರಿಶೀಲಿಸಿದರೆ, ಮಣ್ಣಿನ ಒಲೆಯಿಂದ ಯಾವ ಹುಡುಗಿಯೂ ಅಡುಗೆಯನ್ನು ಕಲಿತಿರಲಾರಳೆಂಬುದು, ಆಕೆ ಅದನ್ನು ಕಲಿತದ್ದು ಹೊಗೆ ತುಂಬಿದ ನಿಜವಾದ ಅಡುಗೆಮನೆಯಲ್ಲಿಯೇ ಎಂಬುದು, ಹಾಗೆಯೇ ಮಣ್ಣಿನ ಎತ್ತಿನಿಂದ ಯಾವ ಹುಡುಗನೂ ಉಳುಮೆಯನ್ನು ಕಲಿಯಲಿಲ್ಲವೆಂಬುದು ಸ್ಪಷ್ಟವಾಗುವುದು. ಆಟಿಕೆ ಕಲಿಸಿದ ಪಾಠ ಬೇರೆ ಬಗೆಯದು. ಮನೆಯ ಹೊಸ್ತಿಲಿನಿಂದ ಎಷ್ಟು ದೂರ ಹೋಗಬಹುದು, ಹೋದಮೇಲೆ ಎಷ್ಟು ಹೊತ್ತು ಯಾರ ಕೂಗಿಗೂ ಓಗೊಡದೆ ಇರಬಹುದು ಎಂಬ ಎರಡು ಸಂಗತಿಗಳನ್ನು ಅದು ಮಾತಿಲ್ಲದೆ ಬೋಧಿಸಿತು. ಆ ಬೋಧನೆಯು ಗಂಡುಮಕ್ಕಳಿಗೆ ಒಂದು ರೀತಿ, ಹೆಣ್ಣುಮಕ್ಕಳಿಗೆ ಇನ್ನೊಂದು ರೀತಿ ಆಯಿತೆಂಬುದೇ ಇಲ್ಲಿ ವಿಚಾರಾರ್ಹವಾದ ವಿಷಯ.

ಆಟಗಳನ್ನೇ ಒಮ್ಮೆ ನೆನೆಯೋಣ. ಅಳಗುಳಿಮಣೆ ಹುಣಿಸೆಬೀಜವಿದ್ದರೆ ನಡುಮನೆಯಲ್ಲಿ ಸಾಗುವ ಆಟ. ಚೌಕಾಬಾರಕ್ಕೆ ನೆಲದ ಮೇಲೊಂದು ಸೀಮೆಸುಣ್ಣದ ಗೆರೆ, ನಾಲ್ಕು ಕವಡೆ. ಗಜ್ಜುಗದ ಕಾಯಿಗಳನ್ನೋ ದುಂಡುಕಲ್ಲುಗಳನ್ನೋ ಮೇಲಕ್ಕೆಸೆದು ಅಂಗೈಯಲ್ಲಿಯೂ ಮುಂಗೈಯ ಮೇಲೆಯೂ ಹಿಡಿಯುವ ಕಲ್ಲಾಟಕ್ಕೆ ಜಗುಲಿಯ ಒಂದು ಮೂಲೆ. ಕುಂಟೆಬಿಲ್ಲೆಗೆ ಅಂಗಳದ ಒಂದು ತುಂಡು. ಇವೆಲ್ಲವೂ ಕೌಶಲವನ್ನು ಬೇಡುವ ಆಟಗಳೇ. ಅಳಗುಳಿಮಣೆಯ ಗುಳಿಗಳಲ್ಲಿ ಬೀಜಗಳನ್ನು ಬಿತ್ತುತ್ತ ಹೋಗುವಾಗ ನಾಲ್ಕು ಸುತ್ತು ಮುಂದಿನ ಲೆಕ್ಕವನ್ನು ಮನಸ್ಸಿನಲ್ಲಿಯೇ ಹಾಕುವ ಹುಡುಗಿಗೆ ಗಣಿತ ಬರುವುದಿಲ್ಲವೆನ್ನುವವರು ಒಮ್ಮೆ ಅವಳೆದುರಿಗೆ ಕುಳಿತು ಆಡಿ ನೋಡಬೇಕು. ಆದರೆ ಈ ಆಟಗಳಿಗೆಲ್ಲ ಸಾಮಾನ್ಯವಾದ ಲಕ್ಷಣವೊಂದುಂಟು: ಇವು ಕೂಗಳತೆಯ ಒಳಗಿನ ಆಟಗಳು, ಒಳಗಿನಿಂದ ಅಮ್ಮನೋ ಅಜ್ಜಿಯೋ ಕರೆದ ಕ್ಷಣದಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಎದ್ದು, ನೀರು ತಂದಿಟ್ಟು, ಮಗುವನ್ನು ತೂಗಿ, ಮತ್ತೆ ಬಂದು ಬಿಟ್ಟಲ್ಲಿಂದ ಮುಂದುವರಿಸಬಹುದಾದ ಆಟಗಳು.

ಹುಡುಗರ ಆಟಗಳ ಪ್ರಕೃತಿಯೇ ಇದಕ್ಕೆ ವಿರುದ್ಧ. ಚಿನ್ನಿದಾಂಡಿಗೆ ಬಯಲು ಬೇಕು. ಚಿನ್ನಿ ಎಷ್ಟು ದೂರ ಹಾರಿದರೆ ಅಷ್ಟು ಗೌರವ. ಗಾಳಿಪಟಕ್ಕೆ ಕೆರೆಯ ಏರಿಯೇ ಆಗಬೇಕು. ಬುಗುರಿಯ ಪಂದ್ಯ ಓಣಿಯಿಂದ ಓಣಿಗೆ ಸರಿಯುತ್ತದೆ. ಸೈಕಲ್ಲಿನ ಹಳೆಯ ಟೈರನ್ನು ಕೋಲಿನಿಂದ ಬಡಿಯುತ್ತ ಓಡಿಸುವ ಹುಡುಗನಿಗೆ ಊರಿನ ಎಲ್ಲೆ ದಾಟಿದ ಅರಿವು ಮರಳಿ ಬರುವಾಗಲೇ ಆಗುವುದು. ಹವಾಯಿ ಚಪ್ಪಲಿಯನ್ನು ದುಂಡಗೆ ಕತ್ತರಿಸಿ ಚಕ್ರ ಮಾಡಿ, ಬೆಂಕಿಪೊಟ್ಟಣವನ್ನೋ ಡಬ್ಬವನ್ನೋ ಅದರ ಮೇಲೆ ಕೂರಿಸಿ, ದಾರ ಕಟ್ಟಿ ಎಳೆಯುವ ಲಾರಿಯೂ ರಸ್ತೆಯನ್ನೇ ಹುಡುಕುವುದು. ಇಂತಹ ಆಟದ ನಡುವೆ ಮನೆಯಿಂದ ಕರೆ ಬಂದರೆ ಅದು ಕೇಳಿಸುವುದಿಲ್ಲ. ಕೇಳಿಸಿದರೂ ಕೇಳಿಸಲಿಲ್ಲವೆಂದರೆ ನಡೆಯುತ್ತದೆ. ‘ಗಂಡುಹುಡುಗ, ಆಡ್ಕೊಳ್ಳಲಿ ಬಿಡು’ ಎಂಬ ಮಾತು ಮನೆಯಲ್ಲಿ ಸಿದ್ಧವಾಗಿರುತ್ತದೆ. ಅಡಿಕೆಯ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆದೊಯ್ಯುವ ಆಟದಲ್ಲಿ ಮಾತ್ರ ಅಣ್ಣತಂಗಿಯರಿಬ್ಬರೂ ಸೇರುತ್ತಿದ್ದರು. ಅಲ್ಲಿಯೂ ಕುಳಿತವಳು ಅವಳು, ಎಳೆದವನು ಅವನು. ಆದರೆ ತರೀಕೆರೆಯ ಏರಿಯ ಮೇಲೆ ಮೇಯುವ ಕುರಿಮರಿಗಳನ್ನು ಕುರಿತ, ಕನ್ನಡ ಬಲ್ಲ ಮಕ್ಕಳೆಲ್ಲರ ನಾಲಿಗೆಯನ್ನೂ ತೊಡರಿಸಿರುವ ಆ ಮಾತಿನಾಟವೊಂದು ಹೆಣ್ಣು ಗಂಡೆಂಬ ಭೇದವನ್ನರಿಯದು. ಬೆಲೆಯಿಲ್ಲದ, ಜಾಗ ಬೇಡದ ಆಟಿಕೆಯೆಂದರೆ ಅದೊಂದೇ ಇರಬೇಕು.

ಈವರೆಗೆ ಹೇಳಿದುದು ಆಡಲು ಬಿಡುವುಳ್ಳ ಮನೆಗಳ ಮಾತು. ಕೂಲಿಯ ಮನೆಯ ಹುಡುಗಿಗೆ ಮಣ್ಣಿನ ಒಲೆಯ ಅಗತ್ಯವೇ ಇರಲಿಲ್ಲ. ಎಂಟು ವರ್ಷಕ್ಕೆ ನಿಜವಾದ ಒಲೆಯ ಮುಂದೆ ಆಕೆ ಕುಳಿತಾಗಿತ್ತು. ಗೊಂಬೆಯ ಅಗತ್ಯವೂ ಇರಲಿಲ್ಲ. ತಮ್ಮನೊಬ್ಬನು ಆಕೆಯ ಕಂಕುಳಿನಲ್ಲಿಯೇ ಇದ್ದನು. ಕಂಕುಳಿನ ಕೂಸನ್ನು ಇಳಿಸದೆಯೇ ಒಂಟಿಕಾಲಿನಲ್ಲಿ ಕುಂಟುತ್ತ ಬಿಲ್ಲೆಯನ್ನು ತಳ್ಳುವ ಹುಡುಗಿಯರನ್ನು ಈ ಸೀಮೆಯ ಹಳ್ಳಿಗಳಲ್ಲಿ ಕಂಡವರು ಈಗಲೂ ಬಹುಮಂದಿ ಇದ್ದಾರೆ. ಆಟಿಕೆಯ ವಿಚಾರವನ್ನು ಬರೆಯುವವರು, ಅಂಗಡಿಯಲ್ಲಿ ಕೊಳ್ಳುವವರ ಮಕ್ಕಳನ್ನೇ ಎದುರಿಗಿಟ್ಟುಕೊಂಡು ಬರೆಯುವುದರಿಂದ, ಈ ಹುಡುಗಿ ಅವರ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಪೂರ್ವಿಕರ ಕಾವ್ಯಗಳಲ್ಲಿ ಮಕ್ಕಳ ಆಟಿಕೆಗಳು ಅಲ್ಲಲ್ಲಿ ಸುಳಿದುಹೋಗುವುವು. ಶಾಕುಂತಲದ ಕೊನೆಯ ಅಂಕದಲ್ಲಿ ಬಾಲಕ ಸರ್ವದಮನನು ಸಿಂಹದ ಮರಿಯನ್ನು ಹಿಡಿದೆಳೆದು ಅದರ ಹಲ್ಲುಗಳನ್ನು ಎಣಿಸಲು ಹೊರಟಿರುವಾಗ ಅವನ ಮನಸ್ಸನ್ನು ತಿರುಗಿಸಲು ತಾಪಸಿಯರು ಬಣ್ಣದ ಮಣ್ಣಿನ ನವಿಲೊಂದನ್ನು ತರಿಸುವರು. ಶೂದ್ರಕನ ನಾಟಕಕ್ಕಾದರೋ ಚಾರುದತ್ತನ ಪುಟ್ಟ ಮಗನ ಮಣ್ಣಿನ ಬಂಡಿಯೇ ಹೆಸರನ್ನು ಕೊಟ್ಟಿದೆ. ಕುಮಾರಸಂಭವದ ಪಾರ್ವತಿಯ ಬಾಲ್ಯವನ್ನು ವರ್ಣಿಸುವಾಗ ಕಾಳಿದಾಸನು ಆಕೆಯ ಕೈಗೆ ಗೊಂಬೆಯನ್ನು ಕೊಟ್ಟಿರುವನಷ್ಟೇ ಅಲ್ಲ, ಚೆಂಡನ್ನೂ ಕೊಟ್ಟಿರುವನು. ಮಂದಾಕಿನಿಯ ಮರಳದಂಡೆಗೂ ಕಳುಹಿಸಿರುವನು. ಸಂಸ್ಕೃತ ಸಾಹಿತ್ಯದಲ್ಲಿ ಕಂದುಕಕ್ರೀಡೆ ಹೆಣ್ಣಿಗೆ ಶೋಭೆ ತರುವ ವಿದ್ಯೆ. ದಂಡಿಯ ದಶಕುಮಾರಚರಿತದಲ್ಲಿ ರಾಜಕುಮಾರಿಯೊಬ್ಬಳು ಜನಸಮೂಹದೆದುರಿಗೆ ಚೆಂಡಾಡುವ ದೀರ್ಘವಾದ ಪ್ರಸಂಗವೇ ಇದೆ. ಆ ಚೆಂಡು ಹೆಣ್ಣಿನ ಕೈಯಿಂದ ಯಾವಾಗ ಜಾರಿ ಗಂಡಿನ ಸ್ವತ್ತಾಯಿತೋ ಹೇಳುವವರಿಲ್ಲ. ಆದರೆ ಜಾರಿತೆಂಬುದು ನಿಶ್ಚಯ. ಜನಪದರು ಹೇಳುವ ಸೀತೆಯ ಕಥೆ ಇನ್ನೂ ಸ್ವಾರಸ್ಯವಾದುದು: ಆಡುತ್ತಾಡುತ್ತ ಶಿವಧನುಸ್ಸಿನ ಪೆಟ್ಟಿಗೆಯನ್ನು ಲೀಲಾಜಾಲವಾಗಿ ಪಕ್ಕಕ್ಕೆ ಸರಿಸಿದ ಹುಡುಗಿ ಆಕೆ. ಆಕೆಗೆ ಆಟವಾದುದು ಮುಂದೆ ಅರಸುಮಕ್ಕಳಿಗೆ ಪರೀಕ್ಷೆಯಾಯಿತು. ಆ ಬಳಿಕ ಬಿಲ್ಲನ್ನು ಮುಟ್ಟುವ ಸಂದರ್ಭ ಆಕೆಗೆ ಬರಲಿಲ್ಲ.

ತರೀಕೆರೆಯ ಸಮೀಪದ ಅಮೃತಾಪುರದಲ್ಲಿ, ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇವಾಲಯದ ಹೊರಗೋಡೆಯ ಮೇಲೆ 140 ಕಥಾಫಲಕಗಳಿರುವುವು: ದಕ್ಷಿಣದ ಕಡೆ ರಾಮಾಯಣಕ್ಕೆ 70, ಉತ್ತರದ ಕಡೆ ಭಾರತಕ್ಕೆ 45, ಕೃಷ್ಣನ ಚರಿತ್ರೆಗೆ 25. ಗಂಡುಮಗುವೊಂದರ ತುಂಟತನವನ್ನು ಇಷ್ಟು ಅಕ್ಕರೆಯಿಂದ ಕಥೆಯಾಗಿಸಿ, ಕಲ್ಲಾಗಿಸಿ, ಹಾಡಾಗಿಸಿಕೊಂಡು ಬಂದಿರುವ ನಮ್ಮ ಜನ ಹೆಣ್ಣುಮಗುವಿನ ತುಂಟತನಕ್ಕಾಗಿ ಒಂದು ಗೋಡೆಯ ಅರ್ಧವನ್ನಾದರೂ ಎಲ್ಲಿಯೂ ಬಿಟ್ಟುಕೊಟ್ಟಂತೆ ಕಾಣದು. ಮಡುವಿಗೆ ಚೆಂಡು ಬಿದ್ದಿತೆಂದು ಕಾಳಿಂಗನ ಹೆಡೆಯ ಮೇಲಕ್ಕೆ ಧುಮುಕುವ ಬಾಲಕನನ್ನು ನಾವು ಮೆಚ್ಚುವೆವು. ಚೆಂಡಿನ ಹಿಂದೆ ಹಾಗೆ ಹೋದವಳು ಬಾಲಕಿಯಾಗಿದ್ದಿದ್ದರೆ ಆಕೆಯ ತಾಯಿಯನ್ನು ಬೈಯುತ್ತಿದ್ದೆವು.

ನವರಾತ್ರಿಯಲ್ಲಿ ಈ ವಿಭಾಗವು ಎಲ್ಲಕ್ಕಿಂತ ಸ್ಫುಟವಾಗಿ ಗೋಚರಿಸುತ್ತಿತ್ತು. ಹಳೆಯ ಮೈಸೂರಿನ ಮನೆಗಳಲ್ಲಿ ಆ ದಿನಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹಲಗೆಗಳನ್ನು ಜೋಡಿಸಿ, ಮೇಲೆ ಬಿಳಿಯ ಬಟ್ಟೆ ಹಾಸಿ, ಪಟ್ಟದ ಗೊಂಬೆಗಳಾದ ರಾಜರಾಣಿಯರನ್ನು ಉನ್ನತಸ್ಥಾನದಲ್ಲಿ ನಿಲ್ಲಿಸಿ, ಕೆಳಗೆ ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆಗಳನ್ನೂ ಶೆಟ್ಟರ ಅಂಗಡಿಯ ಜೋಡಿಯನ್ನೂ ಇಟ್ಟು, ಸಂಜೆಗೆ ಹೆಣ್ಣುಮಕ್ಕಳನ್ನು ಕೂರಿಸಿ ಆರತಿ ಮಾಡುತ್ತಿದ್ದರು. ಅದೇ ದಿನಗಳಲ್ಲಿ ಕೂಲಿಮಠದ ಗಂಡುಹುಡುಗರು ತಮ್ಮ ಉಪಾಧ್ಯಾಯರನ್ನು ಮುಂದಿಟ್ಟುಕೊಂಡು ಮನೆಯಿಂದ ಮನೆಗೆ ಚೌಪದ ಹೇಳುತ್ತ, ಸಿಕ್ಕಿದ ಕಾಸುಬಿಡಿಗಾಸನ್ನು ಗುರುಗಳಿಗೊಪ್ಪಿಸುತ್ತ, ಬೀದಿಬೀದಿಗಳನ್ನು ಸುತ್ತುತ್ತಿದ್ದರು. ಬೀರೂರಿನಲ್ಲಿ ವಿಜಯದಶಮಿಯ ವೇಳೆಗೆ ಮೈಲಾರಲಿಂಗನ ಕಾರಣಿಕವನ್ನು ಕೇಳಲು ಸೇರುವ ಜನಸಾಗರದ ಅಂಚಿನಲ್ಲಿ ರಾತ್ರಿಯೆಲ್ಲ ಅಲೆಯುವ ಸ್ವಾತಂತ್ರ್ಯವೂ ಅವರದೇ. ಒಂದೇ ಹಬ್ಬದಲ್ಲಿ ಹುಡುಗಿಯು ಗೊಂಬೆಗಳ ಮುಂದೆ ತಾನೂ ಒಂದು ಗೊಂಬೆಯಾಗಿ ಕುಳಿತಳು. ಹುಡುಗನು ಊರನ್ನು ಕಂಡನು.

ಗೊಂಬೆಯು ಹೆಣ್ಣನ್ನು ಬಾಲ್ಯಕ್ಕೇ ಬಿಟ್ಟುಬಿಡುವುದೂ ಇಲ್ಲ. ಪಟ್ಟದ ಗೊಂಬೆಗಳ ಜೋಡಿಯನ್ನು ತವರಿನವರು ಮದುವೆಯಲ್ಲಿ ಮಗಳಿಗೆ ಕೊಟ್ಟು ಕಳುಹಿಸುವ ಪದ್ಧತಿ ಪ್ರಸಿದ್ಧವಾಗಿಯೇ ಇದೆ. ಕೆಲವು ಸಮುದಾಯಗಳ ವಿವಾಹಗಳಲ್ಲಿ ನಾಗವಲ್ಲಿಯ ಹೊತ್ತಿಗೆ ಮರದ ಬೊಂಬೆಯೊಂದನ್ನು ತೊಟ್ಟಿಲಿಗೆ ಹಾಕಿ, ಮಗುವನ್ನು ಹಿಡಿದುಕೊಳ್ಳಿ, ತನಗೆ ಒಳಗೆ ಕೆಲಸವಿದೆಯೆಂದು ವಧುವಿನಿಂದಲೂ, ತಾನು ಹೊರಗೆ ಹೋಗಬೇಕಾಗಿದೆ, ನೀನೇ ನೋಡಿಕೊಳ್ಳೆಂದು ವರನಿಂದಲೂ ಹೇಳಿಸಿ, ನೆರೆದವರು ನಗುವ ವಿನೋದವೊಂದುಂಟು. ನಾನು ಈ ವಿನೋದವನ್ನು ದೂಷಿಸುವವನಲ್ಲ. ಎರಡು ದಿನಗಳ ಹೊಗೆ, ಮಂತ್ರ, ಉಪವಾಸಗಳ ನಂತರ ಅಪರಿಚಿತರಾದ ಇಬ್ಬರು ಎಳೆಯರನ್ನು ನಗಿಸುವ ಉಪಾಯವದು. ಆದರೂ ನಗೆಯ ಒಳಗಿನ ಪಾಠವನ್ನು ಗಮನಿಸಿರಿ: ಗಂಡನ ಚಿನ್ನಿದಾಂಡು ಹತ್ತು ವರ್ಷಗಳ ಹಿಂದೆಯೇ ಅಟ್ಟ ಸೇರಿ ಗೆದ್ದಲಿಗೆ ಆಹಾರವಾಗಿರುವಾಗ ಹೆಂಡತಿಯ ಗೊಂಬೆ ಮಾತ್ರ ಮದುವೆಯ ಚಪ್ಪರದವರೆಗೂ ಹಿಂಬಾಲಿಸಿ ಬಂದಿದೆ.

ಆಟದ ಈ ಭೂಗೋಳವು ಮುಂದೆ ಬದುಕಿನ ಭೂಗೋಳವಾಗುವ ಬಗೆಯನ್ನು ಕಾಣಬೇಕೆನ್ನುವವರು ಸುಗ್ಗಿಯ ಕಾಲದಲ್ಲಿ ಅಜ್ಜಂಪುರದ ಕಡೆಗೆ ಬರಬೇಕು. ಈರುಳ್ಳಿಯ ಹೊಲದಲ್ಲಿ ಕಳೆ ತೆಗೆಯುವವರು, ಕಿತ್ತ ಗಡ್ಡೆಗಳ ಮುಂದೆ ಸಾಲಾಗಿ ಕುಳಿತು ಸೊಪ್ಪನ್ನು ಕೊಯ್ದು, ದಪ್ಪದ್ದು ಸಣ್ಣದ್ದೆಂದು ವಿಂಗಡಿಸುವವರು ಬಹುಪಾಲು ಹೆಂಗಸರು. ಚೀಲಗಳು ತುಂಬಿ ಲಾರಿಯೇರಿದ ಮೇಲೆ ಅವುಗಳೊಡನೆ ಬೆಂಗಳೂರಿನ ಯಶವಂತಪುರದ ಮಂಡಿಗೆ ಹೋಗುವವರು, ದರವನ್ನು ಕೇಳುವವರು, ಹಣವನ್ನೆಣಿಸಿ ತರುವವರು ಗಂಡಸರು. ತರೀಕೆರೆಯ ತೋಟಗಳ ಅಡಿಕೆಯನ್ನು ಮೆಟ್ಟುಗತ್ತಿಯ ಮುಂದೆ ಮಧ್ಯರಾತ್ರಿಯವರೆಗೆ ಕುಳಿತು ಸುಲಿಯುವ ಹೆಣ್ಣಿಗೆ ಶಿವಮೊಗ್ಗದ ಮಂಡಿಯ ದಾರಿ ಗೊತ್ತಿಲ್ಲ. ಕಡೂರಿನ ಕೊಬ್ಬರಿಯನ್ನು ಒಡೆದು ಸುಲಿದು ಒಣಗಿಸಿದವಳು ಅರಸೀಕೆರೆ, ತಿಪಟೂರುಗಳ ಹರಾಜಿನ ಕಟ್ಟೆಯನ್ನು ಕಂಡಿಲ್ಲ. ಇವರಿಗೆ ಲೆಕ್ಕ ಬಾರದೆಂದಲ್ಲ, ಮಾತು ಬಾರದೆಂದೂ ಅಲ್ಲ. ಕುಳಿತು ಮಾಡುವ, ಕರೆದರೆ ಏಳಬಹುದಾದ ಭಾಗವು ಒಬ್ಬರದಾಗಿಯೂ, ದಾರಿ ಹಿಡಿದು ಹೋಗಿ ಎರಡು ದಿನ ಬಿಟ್ಟು ಬರುವ ಭಾಗವು ಇನ್ನೊಬ್ಬರದಾಗಿಯೂ ಮೊದಲೇ ಹಂಚಿಹೋಗಿದೆ. ದಾರದ ಲಾರಿಯನ್ನು ಎಳೆದವನು ನಿಜವಾದ ಲಾರಿಯ ಮುಂಭಾಗದಲ್ಲಿ ಕುಳಿತನು. ಕಲ್ಲಾಟದಲ್ಲಿ ಪಳಗಿದ ಬೆರಳುಗಳು ಅಡಿಕೆಯ ಸಿಪ್ಪೆಯನ್ನು ಬಿಡಿಸಿದವು.

ಇದೆಲ್ಲ ಸ್ವಭಾವಸಿದ್ಧವಾದುದು, ಹೆಣ್ಣುಮಗು ಗೊಂಬೆಯನ್ನೂ ಗಂಡುಮಗು ಗಾಡಿಯನ್ನೂ ತಾನಾಗಿಯೇ ಆರಿಸಿಕೊಳ್ಳುವುದೆಂದು ವಾದಿಸುವವರಿಗೆ ಆಧಾರಗಳಿಲ್ಲದೆ ಇಲ್ಲ. 2002ರಲ್ಲಿ ಜೆರಿಯಾನ್ ಅಲೆಕ್ಸಾಂಡರ್ ಮತ್ತು ಮೆಲಿಸ್ಸಾ ಹೈನ್ಸ್ ಎಂಬ ವಿದುಷಿಯರು ವರ್ವೆಟ್ ಜಾತಿಯ ಕೋತಿಗಳ ಮುಂದೆ ಆಟಿಕೆಗಳನ್ನಿಟ್ಟು ನೋಡಿದಾಗ ಗಂಡುಕೋತಿಗಳು ಚೆಂಡು ಮತ್ತು ಕಾರುಗಳೊಡನೆಯೂ, ಹೆಣ್ಣುಕೋತಿಗಳು ಗೊಂಬೆ ಮತ್ತು ಅಡುಗೆಯ ಪಾತ್ರೆಯೊಡನೆಯೂ ಹೆಚ್ಚು ಹೊತ್ತು ಕಳೆದವಂತೆ. ಗೊಂಬೆಯ ಮಾತಿರಲಿ, ಯಾವ ಜನ್ಮದಲ್ಲಿಯೂ ಒಲೆ ಹಚ್ಚದ ಕೋತಿಗೆ ಬಾಣಲೆಯಲ್ಲಿ ಕಂಡ ಸ್ತ್ರೀಧರ್ಮ ಯಾವುದೆಂಬುದು ನನಗೆ ಬಗೆಹರಿಯದ ಪ್ರಶ್ನೆ. ಇದಕ್ಕಿಂತ ನಮ್ಮ ಜಗುಲಿಗೆ ಹತ್ತಿರವಾದುದು 1978ರಲ್ಲಿ ಇಂಗ್ಲೆಂಡಿನಲ್ಲಿ ಕ್ಯಾರೊಲಿನ್ ಸ್ಮಿತ್ ಮತ್ತು ಬಾರ್ಬರಾ ಲಾಯ್ಡ್ ಪ್ರಕಟಿಸಿದ ಪರೀಕ್ಷೆ. ಆರು ತಿಂಗಳ ಕೂಸುಗಳಿಗೆ ಹುಡುಗನ ಉಡುಪನ್ನೋ ಹುಡುಗಿಯ ಉಡುಪನ್ನೋ ಅದಲುಬದಲಾಗಿ ತೊಡಿಸಿ ಬೇರೆ ಮಕ್ಕಳ 32 ಮಂದಿ ತಾಯಂದಿರ ಕೈಗೆ ಕೊಟ್ಟಾಗ, ಅವರು ಕೂಸಿನ ನಿಜಸ್ಥಿತಿಯನ್ನರಿಯದೆ, ಉಡುಪಿಗೆ ಅನುಸಾರವಾಗಿ ಸುತ್ತಿಗೆಯನ್ನೋ ಗೊಂಬೆಯನ್ನೋ ಮೊದಲು ಮುಂದೊಡ್ಡಿದರು. ಅಷ್ಟೇ ಅಲ್ಲದೆ, ಗಂಡೆಂದು ಭಾವಿಸಿದ ಕೂಸನ್ನು ಕೈಕಾಲಾಡಿಸಲು, ಮೈ ಚಲಿಸಲು ಹೆಚ್ಚಾಗಿ ಹುರಿದುಂಬಿಸಿದರು. ಅವರಾರೂ ಕ್ರೂರರಲ್ಲ, ಹೆತ್ತ ತಾಯಂದಿರು. ನಡೆಯಲು ಬಾರದ ಕೂಸಿಗೆ ಆಗಲೇ ಬಯಲು ಅಥವಾ ಜಗುಲಿ ನಿಶ್ಚಯವಾಗಿತ್ತು.

ಬಣ್ಣದ ಭೇದ ತೀರ ಈಚಿನದು. 1918ರಲ್ಲಿ ಅಮೆರಿಕದ ಉಡುಪಿನ ವ್ಯಾಪಾರಿಗಳ ಪತ್ರಿಕೆಯೊಂದು ಗುಲಾಬಿಯ ಬಣ್ಣವನ್ನು ಗಂಡಿಗೂ ತಿಳಿನೀಲಿಯನ್ನು ಹೆಣ್ಣಿಗೂ ಶಿಫಾರಸು ಮಾಡಿತ್ತೆಂದರೆ ಈಗಿನ ಅಂಗಡಿಯವರು ನಗುವರು. ಚನ್ನಪಟ್ಟಣದ ಬಣ್ಣಗಾರನ ಅರಗಿನ ಕಡ್ಡಿಗಳಲ್ಲಿ ಕೆಂಪು, ಹಳದಿ, ಹಸುರುಗಳಿದ್ದವು. ತಿರುಗುವ ಆಲೆಮರದ ತುಂಡಿಗೆ ಅವನು ಒತ್ತಿ ಹಿಡಿದ ಬಣ್ಣವು ಗಿಲಕಿಯ ಮೇಲೂ ಬುಗುರಿಯ ಮೇಲೂ ಒಂದೇ ಆಗಿತ್ತು.

ಇಂದು ಕಡೂರಿನ ಪೇಟೆಯಲ್ಲಾಗಲಿ, ಈ ಸೀಮೆಯ ಯಾವುದೇ ಜಾತ್ರೆಯ ಸಾಲಿನಲ್ಲಾಗಲಿ ಆಟಿಕೆಯ ಮುಂದೆ ನಿಂತವರಿಗೆ ಬೆಲೆಗಿಂತ ಮೊದಲು ಎದುರಾಗುವುದು ‘ಗಂಡು ಮಗೀಗೋ ಹೆಣ್ಣು ಮಗೀಗೋ, ಅಣ್ಣಾ?’ ಎಂಬ ಪ್ರಶ್ನೆ. ಉತ್ತರಕ್ಕೆ ತಕ್ಕಂತೆ ಜೆಸಿಬಿಯೋ ಪಿಸ್ತೂಲೋ ಒಂದು ಕಡೆಯಿಂದ ಇಳಿದು ಬರುವುದು. ಗ್ಯಾಸ್ ಒಲೆ, ಮಿಕ್ಸಿಗಳುಳ್ಳ ಗುಲಾಬಿ ಬಣ್ಣದ ಅಡುಗೆಯ ಸೆಟ್ಟು ಇನ್ನೊಂದು ಕಡೆಯಿಂದ. ಕೈಚಾಚಿದ ಮಗುವಿನ ಬೆರಳು ಎತ್ತ ತೋರುತ್ತಿದೆಯೆಂದು ನೋಡುವವರು ಅಪರೂಪ. ಮಣ್ಣಿನ ಒಲೆಯು ಮರುದಿನ ಕರಗಿ ಮತ್ತೇನಾದರೂ ಆಗಬಹುದಾಗಿತ್ತು. ಪ್ಲಾಸ್ಟಿಕ್ಕಿನ ಒಲೆಯು ಮುರಿಯುವವರೆಗೆ ಒಲೆಯೇ. ಇನ್ನು ಮೊಬೈಲು ಬಂದಮೇಲೆ ಅಣ್ಣತಂಗಿಯರಿಬ್ಬರೂ ಒಂದೇ ಮಂಚದ ಎರಡು ತುದಿಗಳಲ್ಲಿ ಬಾಗಿ ಕುಳಿತಿರುವರು. ಭೇದವು ಅಳಿದುಹೋಯಿತೆಂದು ಸಂತೋಷಿಸುವ ಉದಾರಿಗಳೂ ಇದ್ದಾರೆ. ವಾಸ್ತವವಾಗಿ ಹುಡುಗನು ಬಯಲನ್ನು ಕಳೆದುಕೊಂಡನು, ಹುಡುಗಿ ಅದನ್ನು ಪಡೆಯಲಿಲ್ಲ. ಕರೆದಾಗ ಮೊಬೈಲನ್ನು ಕೆಳಗಿಟ್ಟು ಏಳುವವಳು ಈಗಲೂ ಅವಳೇ.

ಆದರೆ ಇದೇ ಕಡೂರಿನ ಬೀದಿಯು ಇದಕ್ಕೆ ಒಂದು ಪ್ರಬಲವಾದ ಅಪವಾದವನ್ನೂ ಲೋಕಕ್ಕೆ ಕೊಟ್ಟಿದೆ. 1992ರ ಅಕ್ಟೋಬರ್ 16ರಂದು ಕಡೂರಿನಲ್ಲಿ ಹುಟ್ಟಿದ ವೇದಾ ಕೃಷ್ಣಮೂರ್ತಿಯವರು ಎಳವೆಯಲ್ಲಿಯೇ ಊರಿನ ಬೀದಿಗಳಲ್ಲಿ ಹುಡುಗರೊಡನೆ ಕ್ರಿಕೆಟ್ ಆಡುತ್ತ ಬೆಳೆದು, ಕೌಮಾರದಲ್ಲಿ ತರಬೇತಿಗೆಂದು ಬೆಂಗಳೂರಿಗೆ ಹೋಗಿ, 2011ರ ಜೂನ್ 30ರಂದು ಡರ್ಬಿಯಲ್ಲಿ ಇಂಗ್ಲೆಂಡಿನ ವಿರುದ್ಧ ಆಡಿದ ಮೊದಲನೆಯ ಏಕದಿನ ಪಂದ್ಯದಲ್ಲಿಯೇ 51 ಓಟಗಳನ್ನು ಗಳಿಸಿದರು. 2017ರ ಜುಲೈ 23ರಂದು ಲಾರ್ಡ್ಸ್ ಮೈದಾನದಲ್ಲಿ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಭಾರತವು ಗೆಲುವಿನ ಅಂಚಿನವರೆಗೆ ಹೋಗಿ ಕೇವಲ 9 ಓಟಗಳಿಂದ ಸೋತಾಗ, ಆ ಅಂಚಿನವರೆಗೆ ತಂಡವನ್ನು ಒಯ್ದವರಲ್ಲಿ 35 ಓಟಗಳನ್ನು ಹೊಡೆದ ಇವರೂ ಒಬ್ಬರು. 2020ರ ಮಾರ್ಚ್ 8ರಂದು ಮೆಲ್ಬರ್ನಿನಲ್ಲಿ ಟಿ-20 ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು 86,174 ಮಂದಿ ನೋಡುತ್ತಿದ್ದಾಗ ಕಡೂರಿನ ಈ ಹೆಣ್ಣುಮಗಳು ಆ ಮೈದಾನದಲ್ಲಿಯೂ ಇದ್ದರು. 2025ರ ಜುಲೈಯಲ್ಲಿ ಅವರು ಆಟದಿಂದ ನಿವೃತ್ತರಾದರು.

ಬ್ಯಾಟನ್ನು ಹಿಡಿದುದರಿಂದ ಇದೆಲ್ಲ ಆಯಿತೆನ್ನುವುದು ಸುಲಭ. ಈ ಸೀಮೆಯಲ್ಲಿ ತೆಂಗಿನ ಮಟ್ಟೆಯನ್ನು ಕೆತ್ತಿದರೆ ಬ್ಯಾಟಾಗುತ್ತದೆ, ಮಟ್ಟೆಗೇನೂ ಬರವಿಲ್ಲ, ಹೆಣ್ಣುಮಕ್ಕಳೂ ಅದನ್ನು ಅಂಗಳದಲ್ಲಿ ಬೀಸಿದವರೇ. ಅಂಗಳದಿಂದ ಬೀದಿಗೆ ಹೋದದ್ದು, ಹೋದಮೇಲೆ ಆಟ ಮುಗಿಯುವವರೆಗೆ ಅಲ್ಲಿಯೇ ಇದ್ದದ್ದು, ಇರಲು ಮನೆಯವರು ಬಿಟ್ಟದ್ದು ವಿಶೇಷ. ಓಣಿಯ ಕ್ರಿಕೆಟ್ಟಿನಲ್ಲಿ ತಂಗಿಯನ್ನು ಸೇರಿಸಿಕೊಳ್ಳುವ ಅಣ್ಣಂದಿರು ಬಹಳ. ಸೇರಿಸಿಕೊಂಡು ಆಕೆಯನ್ನು ನಿಲ್ಲಿಸುವುದು ಚರಂಡಿಯ ಪಕ್ಕದಲ್ಲಿ, ಚೆಂಡು ಬಿದ್ದರೆ ಹೆಕ್ಕಿಕೊಡಲು. ಸರದಿ ಬರುವ ವೇಳೆಗೆ ಸಂಜೆಯಾಗಿ ದೀಪ ಹಚ್ಚಲು ಕರೆ ಬಂದಿರುತ್ತದೆ.

ಆಟಿಕೆಯಲ್ಲದ ವಸ್ತುವೊಂದು ಆಟಿಕೆಗಳಿಗಿಂತ ಹೆಚ್ಚಿನ ಉಪಕಾರವನ್ನು ಈ ಊರುಗಳ ಹುಡುಗಿಯರಿಗೆ ಮಾಡಿತೆಂದು ನನಗೆ ತೋರುವುದು. 2006-07ನೆಯ ಸಾಲಿನಿಂದ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲುಗಳನ್ನು ಹಂಚತೊಡಗಿದಾಗ, ಅದುವರೆಗೆ ಅಣ್ಣನ ಸೈಕಲ್ಲನ್ನು ಮುಟ್ಟಿದರೆ ಬೈಸಿಕೊಳ್ಳುತ್ತಿದ್ದ ಹುಡುಗಿಯರು ಸ್ವಂತದ್ದೊಂದನ್ನು ಏರಿ, ಗುಂಪುಗುಂಪಾಗಿ, ಹಳ್ಳಿಯಿಂದ ಹೋಬಳಿಯ ಪ್ರೌಢಶಾಲೆಯವರೆಗಿನ ಹಾದಿಯನ್ನು ತಮ್ಮದಾಗಿಸಿಕೊಂಡರು. ಆ ಸೈಕಲ್ಲುಗಳ ಗುಣಮಟ್ಟವನ್ನು ಕುರಿತು ದೂರುಗಳೇನೂ ಕಡಮೆಯಿರಲಿಲ್ಲ. ಸರಪಳಿ ಕಳಚುತ್ತಿತ್ತು, ಬ್ರೇಕು ಹಿಡಿಯುತ್ತಿರಲಿಲ್ಲ. ಆದರೂ ನಡುದಾರಿಯಲ್ಲಿ ಕಳಚಿದ ಸರಪಳಿಯನ್ನು ಕೈಗೆ ಎಣ್ಣೆಮಸಿ ಮೆತ್ತಿಕೊಂಡು ತಾನೇ ಸರಿಪಡಿಸಿದ ಹುಡುಗಿಯು, ಅಂದು ಯಾವ ಜೋಡಿಸುವ ಆಟಿಕೆಯೂ ಕೊಡಲಾರದ ವಿದ್ಯೆಯೊಂದನ್ನು ಪಡೆದಳು. ಅಂಗನವಾಡಿಯ ಚಾಪೆಯೂ ತನ್ನ ಮಟ್ಟಿಗೆ ಇದೇ ಬಗೆಯ ಕೆಲಸವನ್ನು ಮಾಡುತ್ತಿದೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಪ್ರಾರಂಭವಾದ ಆ ಯೋಜನೆಯ ಕೇಂದ್ರಗಳಲ್ಲಿ ಮರದ ತುಂಡುಗಳನ್ನು ಜೋಡಿಸಲು ಕುಳಿತ ಮಕ್ಕಳಿಗೆ, ಇದು ನಿನ್ನದು ಅದು ಅವನದೆಂದು ಹೇಳುವವರಿಲ್ಲ. ಹೇಳುವಷ್ಟು ಆಟಿಕೆಗಳು ಅಲ್ಲಿರುವುದೂ ಇಲ್ಲ. ಬಡತನದಿಂದ ಬಂದ ಸಮತೆಯಾದರೂ ಸಮತೆಯೇ.

ಹೆಣ್ಣುಮಗುವಿಗೆ ಕಾರನ್ನೂ ಗಂಡುಮಗುವಿಗೆ ಗೊಂಬೆಯನ್ನೂ ಕೊಂಡುಕೊಟ್ಟು ಕರ್ತವ್ಯ ಮುಗಿಯಿತೆಂದು ಭಾವಿಸುವ ವಿದ್ಯಾವಂತ ತಂದೆತಾಯಿಗಳು ಈಚೆಗೆ ಪೇಟೆಗಳಲ್ಲಿ ಹೆಚ್ಚುತ್ತಿದ್ದಾರೆ. ಕೊಳ್ಳಲಿ; ಅದರಿಂದ ಕೆಡುಕೇನೂ ಇಲ್ಲ. ಗೊಂಬೆಯನ್ನು ಎತ್ತಿ ಆಡಿಸಿದ ಹುಡುಗನು ಮುಂದೆ ತನ್ನ ಕೂಸನ್ನು ಎತ್ತಲು ಹಿಂಜರಿಯದಿರಬಹುದು. ಆದರೆ ಕಾರನ್ನು ಪಡೆದ ಹುಡುಗಿ ಅದನ್ನು ನಡುಮನೆಯ ನೆಲದ ಮೇಲೆಯೇ ಓಡಿಸಬೇಕಾಗಿದ್ದರೆ, ಓಡಿಸುವಾಗಲೂ ಆಕೆಯ ಒಂದು ಕಿವಿ ಅಡುಗೆಮನೆಯ ಕಡೆಗೇ ಇರಬೇಕಾಗಿದ್ದರೆ, ಆ ಕಾರು ಹಳೆಯ ಮಣ್ಣಿನ ಒಲೆಗಿಂತ ಬಹಳ ಮುಂದಕ್ಕೇನೂ ಹೋಗಿಲ್ಲ.

ಆದುದರಿಂದ ಓದುಗರಲ್ಲಿ ನನ್ನ ಬಿನ್ನಹ ಆಟಿಕೆಯ ಆಯ್ಕೆಗೆ ಸಂಬಂಧಿಸಿದುದಲ್ಲ. ಬರುವ ದಸರೆಯ ರಜೆಯಲ್ಲಿ ಮಗಳು ಗೆಳತಿಯರೊಡನೆ ಆಟಕ್ಕೆ ಕುಳಿತಾಗಲೋ, ಇನ್ನೂ ಒಳ್ಳೆಯದೆಂದರೆ ಏರಿಯ ಕಡೆಗೆ ಹೊರಟಾಗಲೋ, ಆ ಆಟ ತಾನಾಗಿ ಮುಗಿಯುವವರೆಗೆ ಆಕೆಯನ್ನು ಕೂಗಬೇಡಿರಿ. ಅಷ್ಟರಲ್ಲಿ ಬಂದ ನೆಂಟರಿಗೆ ನೀರು ಕೊಡಬೇಕಾದರೆ ಮಗನನ್ನು ಕೂಗಿರಿ, ಅವನು ಬರುವವರೆಗೆ ಕೂಗಿರಿ.